ಮಾರಾಟಕ್ಕಿರುವ 1969ರ ಕಮಾರೋ: ಬಣ್ಣದ ಕೆಳಗೆ ಏನಿದೆ?

ಹಗರ್ ಆರೆಂಜ್ ಬಣ್ಣ, ಬಾನೆಟ್ ಮೇಲೂ ಡಿಕ್ಕಿ ಮೇಲೂ ಎರಡೆರಡು ಬಿಳಿ ಪಟ್ಟೆ, ಹಿಂದೆ ಸ್ಪಾಯ್ಲರ್, ಮುಖ ನೋಡಿಕೊಳ್ಳುವಷ್ಟು ಹೊಳಪು. ಫೋಟೋ ಕೆಳಗೆ ಒಂದೇ ಸಾಲು: ‘ಫ್ರೇಮ್-ಆಫ್ ರಿಸ್ಟೊರೇಶನ್, ಮ್ಯಾಚಿಂಗ್ ನಂಬರ್ಸ್, ಅಸಲಿ ಝಡ್28’. ಅಮೆರಿಕದಲ್ಲಿ 1969ರ ಶೆವ್ರೊಲೆ ಕಮಾರೋ ಮಾರಾಟಕ್ಕೆ ಬಂದರೆ ಜಾಹೀರಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಇದರಲ್ಲಿ ಮೊದಲ ಮಾತೇ ಪೊಳ್ಳು. ಬಿಚ್ಚಿ ಪಕ್ಕಕ್ಕಿಡಲು ಕಮಾರೋಗೆ ಪೂರ್ತಿ ಫ್ರೇಮ್ ಎಂಬುದೇ ಇಲ್ಲ. ಬಾಡಿಯೇ ಚಾಸಿ, ಎಂಜಿನ್ ಮತ್ತು ಮುಂದಿನ ಸಸ್ಪೆನ್ಶನ್ ಹೊರುವ ಸಬ್‌ಫ್ರೇಮ್ ಮಾತ್ರ ಬೇರೆ ತುಂಡು, ಅದನ್ನು ರಬ್ಬರ್ ಬುಷ್ ಇಟ್ಟು ಬಾಡಿಗೆ ಬೋಲ್ಟ್ ಮಾಡಿರುತ್ತಾರೆ. ನಿಜವಾಗಿ ಆಳಕ್ಕೆ ಇಳಿದು ಕೆಲಸ ಮಾಡಿದವರು ‘ರೊಟಿಸರಿ’ ಅನ್ನುತ್ತಾರೆ: ಬಾಡಿಯ ಎರಡು ತುದಿ ಹಿಡಿದು ಸುತ್ತ ತಿರುಗಿಸುವ ಸ್ಟ್ಯಾಂಡಿಗೆ ಏರಿಸಿ, ತಳವನ್ನೂ ಮೈಯಂತೆಯೇ ಕೆರೆದು ಬಣ್ಣ ಹೊಡೆಯುವುದು. ಅದಕ್ಕೆ ದಿನಾಂಕ ಸಮೇತ ಫೋಟೋ ಇರಬೇಕು. ಬರಿಗಬ್ಬಿಣದ ಹಂತದ್ದೂ ಇರಬೇಕು. ಫೋಟೋ ಇಲ್ಲದ ರೊಟಿಸರಿ ಕೆಲಸಕ್ಕೆ ಬೆಲೆ ಕಟ್ಟುವಂತಿಲ್ಲ.

ಈ ಕಾರಿನಲ್ಲಿ ನಕಲಿ ಯಾಕಿಷ್ಟು ಅಂದರೆ, ಝಡ್28 ಎಂಬುದು ಬೇರೆ ಮಾಡೆಲ್ ಅಲ್ಲ, ಮಾಮೂಲಿ ವಿ8 ಕಮಾರೋ ಮೇಲೆ ಹಾಕಿಸಿಕೊಂಡ ಆಪ್ಶನ್. 1969ರ ಮಾಡೆಲಿನಲ್ಲಿ ಒಟ್ಟು 2,43,085 ಕಮಾರೋ ತಯಾರಾದವು; ಅವುಗಳಲ್ಲಿ ಝಡ್28 ಆದವು 20,302. ಬ್ಯಾಡ್ಜು, ಸ್ಪಾಯ್ಲರ್, ಕೌಲ್ ಇಂಡಕ್ಷನ್ ಬಾನೆಟ್, ಪಟ್ಟೆಯ ಸ್ಟೆನ್ಸಿಲ್ ಎಲ್ಲವೂ ಇವತ್ತು ಕ್ಯಾಟಲಾಗ್ ನೋಡಿ ತರಿಸಬಹುದಾದ ಮಾಲು. ಅಸಲಿಗೂ ನಕಲಿಗೂ ಬೆಲೆಯಲ್ಲಿ ಅಜಗಜಾಂತರ. ಉಳಿದದ್ದನ್ನು ಊಹಿಸಿಕೊಳ್ಳಬಹುದು.

ಹಾಗಾಗಿ ನಂಬರುಗಳಿಂದ ಶುರು ಮಾಡಿ. ಚಾಲಕನ ಕಡೆ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ, ಗಾಜಿನ ಹೊರಗಿನಿಂದ ಕಾಣುವಂತೆ ವಿನ್ (ಕಾರಿನ ಗುರುತಿನ ಸಂಖ್ಯೆ) ಪ್ಲೇಟ್ ಇದೆ. 124379 ಎಂದು ಶುರುವಾದರೆ 1 ಶೆವ್ರೊಲೆ, 24 ವಿ8 ಎಂಜಿನ್, 37 ಕೂಪೆ, 9 ಎಂದರೆ 1969. ಆಮೇಲೆ ಎನ್ ಬಂದರೆ ಒಹಾಯೋದ ನಾರ್ವುಡ್ ಕಾರ್ಖಾನೆ, ಎಲ್ ಬಂದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಕೊನೆಯ ಆರು ಅಂಕಿ ಸರಣಿ ಸಂಖ್ಯೆ. ಶುರುವಿನಲ್ಲಿ 123 ಇದ್ದರೆ ಆ ಕಾರು ಆರು ಸಿಲಿಂಡರಿನದಾಗಿ ಹುಟ್ಟಿದ್ದು, ಮಾತು ಅಲ್ಲಿಗೇ ಮುಗಿಯಿತು. 124 ಇದ್ದರೂ ಝಡ್28 ಎಂದಾಗಲೀ ಎಸ್‌ಎಸ್ (ಸೂಪರ್ ಸ್ಪೋರ್ಟ್ ಎಂಬ ಇನ್ನೊಂದು ಆಪ್ಶನ್) ಎಂದಾಗಲೀ ಸಾಬೀತಾಗುವುದಿಲ್ಲ. ಈ ನಂಬರಿನಲ್ಲಿ ಆ ಮಾಹಿತಿಯೇ ಇಲ್ಲ. ‘ವಿನ್ ನೋಡಿದರೆ ಗೊತ್ತಾಗುತ್ತೆ ಸಾರ್, ಇದು ಅಸಲಿ ಎಸ್‌ಎಸ್’ ಎನ್ನುವ ಮಾರಾಟಗಾರನಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ.

ಪ್ಲೇಟಿನ ಎರಡು ರಿವೆಟ್ ತಲೆಗಳು ಹೂವಿನ ದಳದ ಆಕಾರದಲ್ಲಿರಬೇಕು. ಗುಂಡಗಿನ ಪಾಪ್ ರಿವೆಟ್ ಕಂಡರೆ ಯಾರೋ ಪ್ಲೇಟ್ ಬಿಚ್ಚಿದ್ದಾರೆ. ಇನ್ನೂ ಮುಖ್ಯವಾದದ್ದು ಕಣ್ಣಿಗೆ ಬೀಳದ ಜಾಗದ ಗುದ್ದು. 19ಎನ್ ಅಥವಾ 19ಎಲ್ ಎಂದು ಶುರುವಾಗಿ ಅದೇ ಆರು ಅಂಕಿ ಇರುವ ಚಿಕ್ಕ ನಂಬರನ್ನು ಬಾಡಿಯಲ್ಲಿ ಎರಡು ಕಡೆ ಗುದ್ದಿರುತ್ತಾರೆ: ಒಂದು ವಿಂಡ್‌ಶೀಲ್ಡ್ ಕೆಳಗಿನ ಕೌಲ್ ಜಾಲರಿಯ ಅಡಿಯಲ್ಲಿ, ಇನ್ನೊಂದು ಫೈರ್‌ವಾಲ್ (ಎಂಜಿನ್ ಕೋಣೆಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ಮೇಲೆ ಹೀಟರ್ ಪೆಟ್ಟಿಗೆಯ ಹಿಂದೆ. ಜಾಲರಿ ಬಿಚ್ಚುವುದು ಸ್ಕ್ರೂ ಡ್ರೈವರ್ ಕೆಲಸ, ಅದಕ್ಕೆ ಒಪ್ಪದವರ ಹತ್ತಿರ ವ್ಯಾಪಾರ ಬೇಡ. 1969ರ ಕಮಾರೋದ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುವ ಕಂಪನಿ ಇದೆ, ಅದು ಕಾನೂನುಬದ್ಧ ವ್ಯವಹಾರ, ಮಾಲೂ ಗಟ್ಟಿ. ಆದರೆ ಕೊಳೆತುಹೋದ ಹಳೇ ಕಾರಿನ ಪ್ಲೇಟನ್ನು ಅಂಥ ಹೊಸ ಬಾಡಿಗೆ ಹೊಡೆದು ‘ರಿಸ್ಟೋರ್ ಮಾಡಿದ್ದು’ ಎಂದು ಮಾರಿದಾಗ ಸಿಕ್ಕಿಬೀಳುವುದು ಈ ಗುಪ್ತ ನಂಬರಿನಲ್ಲೇ.

ಮುಂದಿನದು ಕೌಲ್ ಟ್ಯಾಗ್: ಎಂಜಿನ್ ಕೋಣೆಯಲ್ಲಿ ಚಾಲಕನ ಕಡೆಯ ಫೈರ್‌ವಾಲ್ ಮೇಲಿನ ಚಿಕ್ಕ ತಗಡು. ಬಾಡಿ ಯಾವ ತಿಂಗಳ ಯಾವ ವಾರ ತಯಾರಾಯಿತು (05ಸಿ ಎಂದರೆ ಮೇ ತಿಂಗಳ ಮೂರನೇ ವಾರ), ಬಣ್ಣ ಯಾವುದು (72 ಹಗರ್ ಆರೆಂಜ್, 71 ಲೆಮಾನ್ಸ್ ಬ್ಲೂ, 52 ಗಾರ್ನೆಟ್ ರೆಡ್), ಸೀಟಿನ ಬಟ್ಟೆ ಯಾವುದು (711 ಎಂದರೆ ಮಾಮೂಲಿ ಕಪ್ಪು ವಿನೈಲ್) ಎಲ್ಲ ಅಲ್ಲಿದೆ. ನಾರ್ವುಡ್ ಕಾರ್ಖಾನೆ 1968ರ ಡಿಸೆಂಬರ್ ನಡುವಿನಿಂದ ಇದರ ಮೇಲೆ ಎಕ್ಸ್ ಕೋಡ್ ಹೊಡೆಯಲು ಶುರುಮಾಡಿತು. ಎಕ್ಸ್33 ಮತ್ತು ಎಕ್ಸ್77 ಝಡ್28ಗೆ, ಎಕ್ಸ್22 ಮತ್ತು ಎಕ್ಸ್66 ಎಸ್‌ಎಸ್396ಗೆ, ಎಕ್ಸ್55 ಎಸ್‌ಎಸ್350ಗೆ. ಎಕ್ಸ್44 ಸಾದಾ ಕಾರು. ಎಕ್ಸ್11 ಮಾತ್ರ ಎರಡಲಗಿನದು: ಅಲಂಕಾರದ ಪಟ್ಟಿ ಹಾಕಿಸಿದ ಸಾದಾ ಕಾರೂ ಆಗಿರಬಹುದು, ಎಸ್‌ಎಸ್350 ಕೂಡ ಆಗಿರಬಹುದು. ಜಾಹೀರಾತಿನಲ್ಲಿ ‘ಎಕ್ಸ್11 ಅಸಲಿ ಎಸ್‌ಎಸ್’ ಎಂದು ಕಾಣುವುದು ಇದೇ ಸಂದಿಯಿಂದ. ವ್ಯಾನ್ ನೈಸಿನ ಕಾರುಗಳಿಗೆ ಎಕ್ಸ್ ಕೋಡೇ ಇಲ್ಲ. ಟ್ಯಾಗಿನ ನಕಲನ್ನೂ ಮಾಡಿಕೊಡುವವರಿದ್ದಾರೆ ಎಂಬುದು ನೆನಪಿರಲಿ. ಅದೊಂದನ್ನೇ ನಂಬಿ ಹಣ ಕೊಡಬೇಡಿ.

ನಂಬರ್ ಓದಲು ಬೇಸರವಿದ್ದರೆ ಸುಲಭದ ಜರಡಿ ಒಂದಿದೆ. 1969ರ ಝಡ್28 ಆಟೋಮ್ಯಾಟಿಕ್ ಗೇರಿನಲ್ಲಿ ಬರಲಿಲ್ಲ, ಏರ್ ಕಂಡಿಶನ್ ಸಮೇತ ಬರಲಿಲ್ಲ, ಕನ್ವರ್ಟಿಬಲ್ ಆಗಿಯೂ ಬರಲಿಲ್ಲ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕಡ್ಡಾಯ, ಗೇರ್ ಬಾಕ್ಸ್ ನಾಲ್ಕು ಗೇರಿನ ಮ್ಯಾನುಯಲ್ ‘ಮನ್ಸೀ’, ಹಿಂದಿನ ಆಕ್ಸಲ್ ಹೌಸಿಂಗ್ ಮುಚ್ಚಳಕ್ಕೆ ಹನ್ನೆರಡು ಬೋಲ್ಟ್. ಪಟ್ಟೆಗಳು ಬಾನೆಟ್ಟಿಗೂ ಡಿಕ್ಕಿಗೂ ಮಾತ್ರ, ಟಾಪಿನ ಮೇಲೆ ಹಾಯುವುದಿಲ್ಲ. ಹಿಂದಿನ ಎರಡು ಶಾಕ್ ಅಬ್ಸಾರ್ಬರಿನಲ್ಲಿ ಒಂದು ಆಕ್ಸಲ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಇರಬೇಕು. ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಆಕ್ಸಲ್ ಕುಣಿಯದಿರಲಿ ಎಂದು 1968ರಿಂದ ಮಾಡಿದ ಬದಲಾವಣೆ ಅದು.

ಈಗ ಎಂಜಿನ್. ಝಡ್28ರದ್ದು 302 ಕ್ಯೂಬಿಕ್ ಇಂಚು, ಅಂದರೆ ಸುಮಾರು 4.9 ಲೀಟರ್. ಟ್ರಾನ್ಸ್-ಆಮ್ ಎಂಬ ಕಾರ್ ರೇಸಿನಲ್ಲಿ ಎಂಜಿನ್ ಗಾತ್ರದ ಮಿತಿ 305 ಇತ್ತಲ್ಲ, ಅದರೊಳಗೆ ಕೂರಲೆಂದೇ 4 ಇಂಚು ಬೋರ್, 3 ಇಂಚು ಸ್ಟ್ರೋಕ್ ಇಟ್ಟರು. ಕಾಗದದ ಮೇಲೆ 5800 ಆರ್‌ಪಿಎಮ್‌ನಲ್ಲಿ 290 ಕುದುರೆ ಶಕ್ತಿ. ಪ್ರಯಾಣಿಕನ ಕಡೆ, ಸಿಲಿಂಡರ್ ಹೆಡ್ಡಿನ ಮುಂದೆ ಬ್ಲಾಕಿನ ಚಪ್ಪಟೆ ಜಾಗವೊಂದಿದೆ, ಆಲ್ಟರ್ನೇಟರ್ ಅದಕ್ಕೆ ಅಡ್ಡ ಕೂತಿರುತ್ತದೆ. ಅಲ್ಲಿ ವಿ0115ಡಿಝಡ್ ಎಂಬಂಥ ಗುದ್ದು ಇರುತ್ತದೆ: ವಿ ಅಂದರೆ ಫ್ಲಿಂಟ್ ಕಾರ್ಖಾನೆ, 0115 ಅಂದರೆ ಜನವರಿ 15, ಡಿಝಡ್ ಅಂದರೆ ಝಡ್28ರ 302. ಕಾರಿನ ಚಿಕ್ಕ ವಿನ್ ಕೂಡ ಅದೇ ಜಾಗದಲ್ಲೋ ಆಯಿಲ್ ಫಿಲ್ಟರ್ ಹತ್ತಿರವೋ ಇರಬೇಕು. ಅದು ಡ್ಯಾಶ್‌ಬೋರ್ಡಿನ ನಂಬರಿಗೆ ಹೊಂದಿದರೆ ಮಾತ್ರ ‘ಮ್ಯಾಚಿಂಗ್ ನಂಬರ್ಸ್’. ಆ ಕಾಲದ್ದೇ ಆದರೂ ಬೇರೆ ಕಾರಿನಿಂದ ತೆಗೆದ ಎಂಜಿನ್ ಆಗಿದ್ದರೆ ‘ಡೇಟ್ ಕರೆಕ್ಟ್’ ಅನ್ನಬೇಕು, ಅದರ ದರ ಬೇರೆ.

ಗುದ್ದು ಸುಳ್ಳಾಗಿರುವುದೂ ಉಂಟು. ಕಾರ್ಖಾನೆಯಲ್ಲಿ ಆ ಮೇಲ್ಮೈಯನ್ನು ಬ್ರೋಚ್ ಯಂತ್ರ ಒಂದೇ ಎಳೆತಕ್ಕೆ ಕೆರೆಯುತ್ತಿತ್ತು, ಹಾಗಾಗಿ ಹಿಂದಿನಿಂದ ಮುಂದಕ್ಕೆ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಕಾಣಬೇಕು. ಆಮೇಲೆ ವರ್ಕ್‌ಶಾಪಿನಲ್ಲಿ ಬ್ಲಾಕಿನ ಮೇಲ್ಮೈ ಮಟ್ಟ ಮಾಡಿಸಿದ್ದರೆ ಆ ಗೆರೆಗಳೂ ಹೋಗುತ್ತವೆ, ಮೂಲ ನಂಬರೂ ಹೋಗುತ್ತದೆ. ಗೆರೆ ಇಲ್ಲ, ಅಥವಾ ಬಿಲ್ಲಿನಾಕಾರದ ಗೀರುಗಳಿವೆ, ಆದರೆ ನಂಬರ್ ಮಾತ್ರ ಚೊಕ್ಕವಾಗಿ ಕೂತಿದೆ ಎಂದರೆ ಅದು ಆಮೇಲೆ ಗುದ್ದಿದ್ದು. ಬ್ಲಾಕಿನ ಹಿಂಭಾಗದಲ್ಲಿ ಬೆಲ್ ಹೌಸಿಂಗ್ ಹತ್ತಿರ ಎರಕದ ದಿನಾಂಕವಿದೆ, ‘ಎ 10 9’ ಅಂದರೆ 1969ರ ಜನವರಿ 10. ಎರಕ ಮೊದಲು, ಎಂಜಿನ್ ಜೋಡಣೆ ನಂತರ, ಕಾರು ಆಮೇಲೆ: ಈ ಕ್ರಮ ತಪ್ಪಬಾರದು. ಎಂಜಿನ್ ಕೋಡ್ ಜನವರಿ ಹೇಳಿ ಎರಕದ ದಿನಾಂಕ ಮಾರ್ಚ್ ಹೇಳಿದರೆ ವಾದಕ್ಕೆ ಜಾಗವೇ ಇಲ್ಲ. ಆಲ್ಟರ್ನೇಟರ್ ಹಿಂದೆ ಕೈ ಹೋಗದಿದ್ದರೆ ಒಂದು ಚಿಕ್ಕ ಕನ್ನಡಿ, ಟಾರ್ಚು, ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆ ಸಾಕು. ಮರಳು ಕಾಗದ ಮಾತ್ರ ಮುಟ್ಟಿಸಬೇಡಿ.

ಕಾಗದಪತ್ರದ ವಿಷಯದಲ್ಲಿ ಕಮಾರೋ ಕೊಳ್ಳುವವರ ಅದೃಷ್ಟ ಖೋಟಾ. ಪಾಂಟಿಯಾಕ್ ಜಿಟಿಓ ಆದರೆ ಮೂಲ ದಾಖಲೆಯ ಪ್ರತಿ ದುಡ್ಡು ಕೊಟ್ಟು ತರಿಸಬಹುದು. ಅಮೆರಿಕದಲ್ಲಿ ಮಾರಾಟವಾದ ಕಮಾರೋಗೆ ಅಂಥ ಸೌಕರ್ಯವಿಲ್ಲ. ಹೊಸದರಲ್ಲಿ ಕೆನಡಾದಲ್ಲಿ ಮಾರಾಟವಾದ ಕಾರುಗಳ ದಾಖಲೆ ಮಾತ್ರ ಶೆವ್ರೊಲೆಯ ಮಾತೃಸಂಸ್ಥೆ ಜಿಎಂನ ಕೆನಡಾ ಶಾಖೆಯ ಹತ್ತಿರ ಇದೆ. ಹಾಗಾಗಿ ಮೊದಲ ಮಾಲೀಕನ ವಿಂಡೋ ಸ್ಟಿಕ್ಕರ್, ಡೀಲರ್ ಬಿಲ್ಲು, ವಾರಂಟಿ ಪುಸ್ತಕದೊಳಗಿನ ‘ಪ್ರೊಟೆಕ್ಟ್-ಒ-ಪ್ಲೇಟ್’ ಎಂಬ ಲೋಹದ ಚೀಟಿ ಇವುಗಳಿಗೆ ಇಷ್ಟು ಬೆಲೆ. ‘ಕೋಪೋ’ (ಕಂಪನಿಯ ಕೇಂದ್ರ ಕಚೇರಿ ಮೂಲಕ ಹಾಕಿಸುತ್ತಿದ್ದ ವಿಶೇಷ ಆರ್ಡರ್) ಹೆಸರಿನಲ್ಲಿ 427 ಎಂಜಿನ್ ಹಾಕಿದ ಕಮಾರೋ ಎಂದು ಯಾರಾದರೂ ತಂದರೆ, ಅದರಲ್ಲೂ ಅಲ್ಯೂಮಿನಿಯಂ ಬ್ಲಾಕಿನ ಝಡ್‌ಎಲ್1 ಎಂದರೆ (ಆದದ್ದೇ 69 ಕಾರು), ಕಾಗದವಿಲ್ಲದೆ ಒಂದು ಹೆಜ್ಜೆ ಮುಂದಿಡಬಾರದು.

ನಂಬರೆಲ್ಲ ಸರಿ ಬಂತು ಅಂದುಕೊಳ್ಳಿ. ಮೈ ಕೊಳೆತಿದ್ದರೆ ಅದರಿಂದ ಏನೂ ಉಪಯೋಗವಿಲ್ಲ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎನ್ನುವುದು ಈ ಕಾರಿನ ಮಟ್ಟಿಗೆ ಅಕ್ಷರಶಃ ನಿಜ. ಅದಕ್ಕೆ ಕಾರಣ ನೀರು ನಿಲ್ಲುವ ಎರಡು ಜಾಗ.

ಮೊದಲನೆಯದು ಹಿಂದಿನ ಗಾಜಿನ ಕೆಳಅಂಚು. ಗಾಜಿನ ಸುತ್ತ ಹೊಳೆಯುವ ಪಟ್ಟಿ ಇರುತ್ತದಲ್ಲ, ಅದನ್ನು ಹಿಡಿಯುವ ಕ್ಲಿಪ್ಪುಗಳು ಬಾಡಿಗೆ ವೆಲ್ಡ್ ಮಾಡಿದ ಮೊಳೆಗಳ ಮೇಲೆ ಕೂತಿವೆ. ಮೊಳೆಯ ಬುಡದಲ್ಲಿ ಬಣ್ಣ ಎದ್ದರೆ ಸಾಕು, ಪಟ್ಟಿಯ ಅಡಿಯಲ್ಲಿ ನಿಂತ ನೀರು ಅಲ್ಲೇ ತಿನ್ನಲು ಶುರುಮಾಡುತ್ತದೆ. ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ, ಮಳೆನೀರು ಡಿಕ್ಕಿಗೆ ಇಳಿಯುತ್ತದೆ, ಡಿಕ್ಕಿಯ ಎರಡು ಪಕ್ಕದ ತಗ್ಗಿನಲ್ಲಿ ಮಡುಗಟ್ಟುತ್ತದೆ, ಅಲ್ಲಿಂದ ಕ್ವಾರ್ಟರ್ ಪ್ಯಾನೆಲಿನ (ಹಿಂದಿನ ಚಕ್ರದ ಸುತ್ತಲಿನ ಪಕ್ಕದ ತಗಡು) ಬುಡ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಚಕ್ರದ ಹಿಂದೆ ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಹಾಗಾಗಿ ಡಿಕ್ಕಿಯ ಚಾಪೆ ಎತ್ತಿ, ಎರಡು ಪಕ್ಕದ ತಗ್ಗಿಗೂ ಬೆರಳು ಹಾಕಿ ನೋಡಿ. ವಿನೈಲ್ ಟಾಪ್ ಇದ್ದ ಕಾರಿನಲ್ಲಿ ಇದು ದುಪ್ಪಟ್ಟು. ಟಾಪ್ ಮತ್ತು ಕ್ವಾರ್ಟರ್ ಸೇರುವಲ್ಲಿ ಕಾರ್ಖಾನೆ ಸೀಸ ತುಂಬಿ ಮಟ್ಟ ಮಾಡಿತ್ತು. ಆ ಕೀಲಿನ ಮೇಲೆ ಕೂದಲಿನಂಥ ಬಿರುಕು ಕಂಡರೆ ಯಾರೋ ಸೀಸದ ಬದಲು ಪುಟ್ಟಿ ತುಂಬಿದ್ದಾರೆ, ಅಥವಾ ಕ್ವಾರ್ಟರ್ ಬದಲಾಯಿಸುವಾಗ ಕೀಲನ್ನು ಸರಿಯಾಗಿ ಬೆಸೆದಿಲ್ಲ.

ಎರಡನೆಯದು ವಿಂಡ್‌ಶೀಲ್ಡ್ ಮುಂದಿನ ಕೌಲ್. ಎಲೆ, ಕಸ ತುಂಬಿ ಒದ್ದೆಯಾಗಿಯೇ ಇರುವ ಈ ಪೆಟ್ಟಿಗೆ ಒಳಗಿನಿಂದ ತೂತಾದರೆ ನೀರು ಸೀದಾ ಚಾಲಕನ ಕಾಲ ಬುಡಕ್ಕೆ. ಪರೀಕ್ಷೆ ಸರಳ: ಮಾಲೀಕನ ಒಪ್ಪಿಗೆ ತೆಗೆದುಕೊಂಡು ಒಂದು ಚೊಂಬು ನೀರನ್ನು ನಿಧಾನಕ್ಕೆ ಜಾಲರಿಯೊಳಗೆ ಸುರಿಯಿರಿ. ಮುಂದಿನ ಫೆಂಡರಿನ ಹಿಂದೆ, ಬಾಗಿಲ ಹತ್ತಿರ ನೆಲಕ್ಕೆ ಸುರಿಯಬೇಕು. ಸುರಿಯದೆ ಹೋದರೆ ದಾರಿ ಕಟ್ಟಿದೆ. ಕಾರ್ಪೆಟ್ ಒದ್ದೆಯಾದರೆ ಕೌಲ್ ಹೋಗಿದೆ. ಹೊಸ ಫ್ಲೋರ್ ಹಾಕಿ ಕೌಲ್ ಮುಟ್ಟದೆ ಬಿಟ್ಟ ರಿಸ್ಟೊರೇಶನ್ನುಗಳು ಬೇಕಾದಷ್ಟಿವೆ, ಯಾಕೆಂದರೆ ಕೌಲ್ ರಿಪೇರಿಗೆ ವಿಂಡ್‌ಶೀಲ್ಡ್ ತೆಗೆದು ಸ್ಪಾಟ್ ವೆಲ್ಡ್ ಬಿಡಿಸಬೇಕು, ಖರೀದಿದಾರನಿಗೆ ಅದು ಕಾಣುವುದೂ ಇಲ್ಲ. ಅಂಥ ಕಾರಿನ ಹೊಸ ಫ್ಲೋರ್ ಕೂಡ ಮತ್ತೆ ಕೊಳೆಯುತ್ತದೆ.

ಮೈ ಮುಟ್ಟಿ ನೋಡಲು ಪೇಂಟ್ ಗೇಜ್ ಒಯ್ಯಿರಿ. ಕಾರ್ಖಾನೆಯ ಬಣ್ಣದ ದಪ್ಪ ಸುಮಾರು 100–150 ಮೈಕ್ರಾನ್. ಒಳ್ಳೆಯ ಮರುಬಣ್ಣ 200–300 ತೋರಿಸಿದರೆ ಸಹಜ. 500 ದಾಟಿದರೆ ಪುಟ್ಟಿ. ಒಂದೆರಡು ಕಡೆ ತೆಳ್ಳಗಿನ ಪುಟ್ಟಿಯಿದ್ದರೆ ಹೌಹಾರಬೇಕಿಲ್ಲ, ಟಿಂಕರಿಂಗ್ ಮಾಡಿದ ಮೇಲೆ ಮಟ್ಟಕ್ಕೆ ಅದು ಬೇಕೇ ಬೇಕು. ಚಕ್ರದ ಕಮಾನಿನ ಸುತ್ತ, ಕ್ವಾರ್ಟರಿನ ಬುಡದುದ್ದಕ್ಕೂ ಗೇಜ್ ಅಂಕಿ ತೋರಿಸುವುದನ್ನೇ ಬಿಟ್ಟರೆ ಮಾತ್ರ ಅಲ್ಲಿ ಕಬ್ಬಿಣ ಕಡಿಮೆ, ಪುಟ್ಟಿ ಹೆಚ್ಚು. ಗೇಜ್ ಇಲ್ಲದವರು ಫ್ರಿಜ್ಜಿನ ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಹಚ್ಚಿ ನೋಡಬಹುದು.

ಆಮೇಲೆ ಕಾರನ್ನು ಲಿಫ್ಟಿಗೆ ಏರಿಸಿ. ಲೀಫ್ ಸ್ಪ್ರಿಂಗಿನ ಮುಂದಿನ ಕೊಂಡಿ ಕೂರುವ ಜಾಗ, ರಾಕರಿನ (ಬಾಗಿಲ ಕೆಳಗಿನ ಅಂಚು) ತಳ, ಸಬ್‌ಫ್ರೇಮಿನ ರಬ್ಬರ್ ಬಾಡಿ ಮೌಂಟ್‌ಗಳು, ಇಷ್ಟನ್ನೂ ನೋಡಿ. ಮೌಂಟ್‌ಗಳು ಬಾಡಿಗೆ ಸೇರುವಲ್ಲಿ ನಾಲ್ಕು, ರೇಡಿಯೇಟರ್ ಸಪೋರ್ಟಿನಲ್ಲಿ ಎರಡು. ಹಳೇ ರಬ್ಬರ್ ಕುಸಿದರೆ ಮುಂಭಾಗ ಜೋಲುತ್ತದೆ, ಬಾಗಿಲಿಗೂ ಫೆಂಡರಿಗೂ ನಡುವಿನ ಸಂದು ಮೇಲೊಂದು ಕೆಳಗೊಂದು ಆಗುತ್ತದೆ. ಆದರೆ ಸಂದು ಏರುಪೇರಾಗಲು ಬಾಗಿಲ ಹಿಂಜಿನ ಪಿನ್ ಸವೆದಿರುವುದೂ ಕಾರಣವಿರಬಹುದು: ಬಾಗಿಲು ಅರ್ಧ ತೆರೆದು ತುದಿ ಹಿಡಿದು ಎತ್ತಿದಾಗ ಲಟಕ್ಕೆಂದರೆ ಪಿನ್ನೇ, ಅದು ಚಿಲ್ಲರೆ ಖರ್ಚು. ತಳವೆಲ್ಲ ದಪ್ಪ ಕಪ್ಪು ಅಂಡರ್‌ಕೋಟಿನಲ್ಲಿ ಮುಳುಗಿದ್ದರೆ ಅನುಮಾನಪಡಿ. ಒಳ್ಳೆಯ ವೆಲ್ಡಿಂಗ್ ಮಾಡಿದವನು ಅದನ್ನು ಮುಚ್ಚಿಡುವುದಿಲ್ಲ. ಹಳೇ ಫ್ಲೋರಿನ ಮೇಲೆ ಹೊಸ ತಗಡು ಹೊದಿಸಿ ಬೆಸೆದಿದ್ದರೆ ಎರಡರ ನಡುವೆ ತೇವ ನಿಂತು ಮತ್ತೆ ಅದೇ ಕಥೆ.

ಓಡಿಸುವ ಮೊದಲು ಒಂದೇ ಷರತ್ತು: ಎಂಜಿನ್ ತಣ್ಣಗಿರಬೇಕು, ಮೊದಲ ಸ್ಟಾರ್ಟ್ ನಿಮ್ಮೆದುರೇ ಆಗಬೇಕು. ಆಗ ಮಾತ್ರ ನೀಲಿ ಹೊಗೆ ಒಂದು ಕ್ಷಣ ಬಂದು ಹೋಗುವುದು ಕಾಣುತ್ತದೆ, ಅದು ವಾಲ್ವ್ ಸೀಲ್. ಎಕ್ಸಲರೇಟರ್ ಒತ್ತಿದಾಗಲೂ ನೀಲಿ ಬಂದರೆ ಪಿಸ್ಟನ್ ರಿಂಗ್. ಆಯಿಲ್ ಪ್ರೆಶರ್ ಎಂಜಿನ್ ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಮ್‌ಗೆ 10 ಪಿಎಸ್‌ಐ ಎಂಬುದು ಗ್ಯಾರೇಜಿನವರ ಲೆಕ್ಕ. ಕಂಪ್ರೆಶನ್ ಟೆಸ್ಟಿನಲ್ಲಿ ಎಂಟು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10–15ರೊಳಗೆ ಇರಲಿ. 302ಕ್ಕೆ ಸಾಲಿಡ್ ಲಿಫ್ಟರ್ (ವಾಲ್ವ್ ತೆರೆಯಲು ತಳ್ಳುವ ಗಟ್ಟಿ ತುಂಡು) ಇರುವುದರಿಂದ ಹೊಲಿಗೆ ಯಂತ್ರದಂಥ ಟಿಕ್ ಟಿಕ್ ಸಹಜ. ಸದ್ದೇ ಇಲ್ಲದೆ ನಯವಾಗಿ ಐಡಲ್ ಆದರೆ ಒಳಗೆ ಬೇರೆ ಕ್ಯಾಮ್ (ಲಿಫ್ಟರುಗಳನ್ನು ಆಡಿಸುವ ದಂಡ) ಇರಬೇಕು, ಅಥವಾ ಎಂಜಿನ್ನೇ 302 ಅಲ್ಲದಿರಬಹುದು. ಕೆಳ ಆರ್‌ಪಿಎಮ್‌ನಲ್ಲಿ ಈ ಎಂಜಿನ್ ಮಂಕು, ಜೀವ ಬರುವುದು ಮೇಲೆ ಹೋದಾಗ. ಮನ್ಸೀ ಗೇರ್ ಬಾಕ್ಸಿನಲ್ಲಿ ಎರಡನೇ ಗೇರಿಗೆ ಬೇಗ ಹಾಕಿದಾಗ ಕರಕರ ಅಂದರೆ ಸಿಂಕ್ರೊ ಸವೆದಿದೆ. ಹಿಂದಿನ ಆಕ್ಸಲ್ಲಿನ ಗೇರ್ ರೇಶಿಯೋ ಕೇಳಿ ತಿಳಿಯಿರಿ: ಸುಮಾರು 26.5 ಇಂಚಿನ ಟೈರಿನಲ್ಲಿ 3.73 ಇದ್ದರೆ ಗಂಟೆಗೆ 65 ಮೈಲಿಗೆ 3,100 ಆರ್‌ಪಿಎಮ್ ಆಸುಪಾಸು, 4.10 ಇದ್ದರೆ 3,400 ಹತ್ತಿರ. ಓವರ್‌ಡ್ರೈವ್ ಇಲ್ಲ. ಹೆದ್ದಾರಿಯಲ್ಲಿ ಎರಡು ತಾಸು ಆ ಸದ್ದು ಕೇಳಿದರೆ ಫೋಟೋದಲ್ಲಿ ಕಂಡ ಕಾರೇ ಬೇರೆ ಅನಿಸುತ್ತದೆ.

ಆರ್‌ಎಸ್ (ರ್‍ಯಾಲಿ ಸ್ಪೋರ್ಟ್) ಎಂಬ ಅಲಂಕಾರದ ಪ್ಯಾಕೇಜ್ ಇದ್ದರೆ ಹೆಡ್‌ಲೈಟಿನ ಮುಚ್ಚಳಗಳು ವ್ಯಾಕ್ಯೂಮಿನಿಂದ ಓಡುತ್ತವೆ. ಒಂದು ಬೇಗ, ಒಂದು ತಡ, ಅಥವಾ ಅರ್ಧಕ್ಕೇ ನಿಂತರೆ ಹೋಸ್ ಬಿರಿದಿದೆ ಅಥವಾ ಡಯಾಫ್ರಾಮ್ ಹರಿದಿದೆ. ರಿಪೇರಿ ಕಷ್ಟವಲ್ಲ, ಬೆಲೆ ಇಳಿಸಲು ಮಾತ್ರ ಒಳ್ಳೆಯ ನೆಪ.

ಬೆಲೆಯ ಮಾತು ಬಂತಲ್ಲ: ನಕಲಿ ಝಡ್28 ಕೆಟ್ಟ ಕಾರೇನಲ್ಲ. ಒಣ ಹವೆಯ ಅರಿಜೋನಾದಲ್ಲಿ ಬಾಳಿದ, ಮೂಲ ತಗಡೇ ಇರುವ ಸಾದಾ ವಿ8 ಕಮಾರೋಗೆ ಒಳ್ಳೆಯ 350 ಎಂಜಿನ್ ಹಾಕಿ ಪಟ್ಟೆ ಹೊಡೆದಿದ್ದರೆ, ಅದನ್ನು ನಕಲಿಯ ಬೆಲೆಗೇ ಮಾರುತ್ತಿದ್ದರೆ, ಓಡಿಸುವ ಆಸೆಯವರಿಗೆ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಮಿಷಿಗನ್‌ನಂಥ ಉಪ್ಪು ಚೆಲ್ಲುವ ರಸ್ತೆಯ ಅಸಲಿ ಕಾರಿಗಿಂತ ವಾಸಿ. ವಿಮೆ ಮಾಡಿಸುವಾಗ ‘ಅಗ್ರೀಡ್ ವ್ಯಾಲ್ಯೂ’ (ಮೊದಲೇ ಒಪ್ಪಿಕೊಂಡ ಬೆಲೆಯ) ಪಾಲಿಸಿಯನ್ನೇ ಕೇಳಿ. ಮಾಮೂಲಿ ಪಾಲಿಸಿ ಇದನ್ನು ಬರೀ ಹಳೇ ಕಾರೆಂದು ಲೆಕ್ಕ ಹಾಕುತ್ತದೆ. ಬೇ ಏರಿಯಾದ ಕನ್ನಡಿಗರಿಗೊಂದು ಅನುಕೂಲ: ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಸ್ಮಾಗ್ (ಹೊಗೆ) ಪರೀಕ್ಷೆ ಇಲ್ಲ.

ಊರಿಗೆ ತರುವ ಕನಸಿದ್ದರೆ ಆಮದು ನಿಯಮ, ಸುಂಕ ಎರಡನ್ನೂ ಕಾರು ಕೊಳ್ಳುವ ಮುಂಚೆಯೇ ವಿಚಾರಿಸಿ. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ ವಿಎ ಸರಣಿಯ ನಂಬರ್ ಸಿಗುತ್ತದೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ.

ಕೊಂಡ ಮೊದಲ ವಾರ ಟೈರಿನ ಪಕ್ಕೆ ನೋಡಿ: ಡಾಟ್ ನಂಬರಿನ ಕೊನೆಯ ನಾಲ್ಕು ಅಂಕಿ 2314 ಎಂದಿದ್ದರೆ ಅದು 2014ರ 23ನೇ ವಾರದ್ದು, ಟ್ರೆಡ್ ಎಷ್ಟೇ ಆಳವಿದ್ದರೂ ಎಸೆಯಿರಿ. ಬ್ರೇಕ್ ಆಯಿಲ್ ಡಾಟ್ 3 ಇದೆಯೋ, ಸಿಲಿಕೋನಿನ ಡಾಟ್ 5 ಇದೆಯೋ ಕೇಳಿ ತಿಳಿದುಕೊಳ್ಳಿ, ಎರಡನ್ನು ಬೆರೆಸಬಾರದು. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಹೋಸ್ ಕರಗುತ್ತದೆ, ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಎಲ್ಲ ರಬ್ಬರ್ ಬದಲಾಯಿಸಿ. 11:1 ಕಂಪ್ರೆಶನ್ನಿಗೆ ಅಮೆರಿಕದ 93 ಪೆಟ್ರೋಲ್ ಕೂಡ ಅಂಚಿನಲ್ಲಿದೆ; ಎಕ್ಸಲರೇಟರ್ ಒತ್ತಿದಾಗ ಒಳಗೆ ಕಾಳು ಅಲುಗಾಡಿಸಿದಂಥ ಸದ್ದು ಬಂದರೆ ಟೈಮಿಂಗ್ ಎರಡು ಡಿಗ್ರಿ ಹಿಂದಕ್ಕೆ ಮಾಡಿ, ಪಿಸ್ಟನ್ ಉಳಿಯುತ್ತದೆ. ಎಂಜಿನ್ ಆಯಿಲ್ ಸತು ಹೆಚ್ಚಿರುವುದೇ ಆಗಬೇಕು, ಇಲ್ಲವಾದರೆ ಚಪ್ಪಟೆ ಲಿಫ್ಟರ್ ಕ್ಯಾಮನ್ನು ಸವೆಸುತ್ತದೆ. ಕಾರ್ಖಾನೆಯ ಮೂಲ ಕ್ಯಾಮ್ ಇದ್ದರೆ ಎಂಜಿನ್ ಬಿಸಿಯಿರುವಾಗಲೇ ಹದಿನಾರೂ ವಾಲ್ವುಗಳ ಸಂದು ನೋಡಬೇಕು. ಇನ್‌ಟೇಕಿಗೂ ಎಕ್ಸಾಸ್ಟಿಗೂ ಲೆಕ್ಕ ಒಂದೇ, 0.030 ಇಂಚು.